ರೊಟ್ಟಿ ಹಬ್ಬದ ದಿನದ ‘ರದ್ದು’

ನಾನು ಅಳಿಸಿದ್ದು ಒಂದೇ ಒಂದು ಸಾಲು, ಬುಧವಾರ ಮಧ್ಯಾಹ್ನ. ಇಷ್ಟು ಮಾತ್ರ ಖಚಿತ, ಏಕೆಂದರೆ ಇದು ಕಂಪ್ಯೂಟರಿನಲ್ಲಿ ದಾಖಲಾಗಿದೆ. ಉಳಿದದ್ದನ್ನು ನೆನಪಿನಿಂದ ಬರೆಯುತ್ತಿದ್ದೇನೆ. ಹೊರಗೆ ಮಳೆ ಬರುತ್ತಿತ್ತು ಎಂದು ನನ್ನ ತಲೆ ಹೇಳುತ್ತದೆ. ಶ್ರಾವಣ ಎಂದಮೇಲೆ ಮಳೆ ಇರಬೇಕಲ್ಲ ಎಂದು ನಾನೇ ಆಮೇಲೆ ಸುರಿಸಿಕೊಂಡದ್ದೂ ಇರಬಹುದು. ಈ ಸಂಗತಿಯನ್ನು ಇದಕ್ಕೆ ಮೊದಲು ಮೂವರಿಗೆ ಹೇಳಿದ್ದೇನೆ. ಮೂರೂ ಸಲ ಹೇಳಿ ಮುಗಿಸುವ ಹೊತ್ತಿಗೆ ನಾನು ಇದ್ದದ್ದಕ್ಕಿಂತ ಸ್ವಲ್ಪ ಒಳ್ಳೆಯವಳಾಗಿದ್ದೆ. ಅದಕ್ಕೇ ಈ ಸಲ ಬರೆದು ನೋಡುತ್ತಿದ್ದೇನೆ.

ನಮ್ಮದು ಹುಬ್ಬಳ್ಳಿಯಲ್ಲಿ ಐದು ಜನರ ಕಚೇರಿ. ಒಂದು ಕಾಂಪ್ಲೆಕ್ಸಿನ ಮೂರನೆಯ ಮಹಡಿ, ಕೆಳಗೆ ಟೈಲ್ಸ್ ಅಂಗಡಿ. ಊರಿನ ಅಂಗಡಿ, ಟ್ಯೂಷನ್ ಕ್ಲಾಸು, ದವಾಖಾನೆಗಳಿಗೆ ಮೊಬೈಲ್ ಆ್ಯಪ್ ಮಾಡಿಕೊಡುವುದು ಕೆಲಸ. ಒಂದು ಸಲ ಬರೆದರೆ ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಓಡುತ್ತದೆ ಎಂದು ನಮ್ಮ ಮಾಲೀಕರು ಗಿರಾಕಿಗಳಿಗೆ ಹೇಳುತ್ತಿದ್ದರು. ಅದು ಮುಕ್ಕಾಲು ಪಾಲು ನಿಜ. ಲೆಕ್ಕಾಚಾರದ ಕೋಡು ಎರಡಕ್ಕೂ ಒಂದೇ. ಆದರೆ ಪರದೆಯ ಮೇಲೆ ಪಟ್ಟಿ ಹೇಗೆ ಕಾಣಬೇಕು ಎಂಬುದನ್ನು ಎರಡಕ್ಕೂ ಬೇರೆ ಬೇರೆ ಬರೆಯುತ್ತಿದ್ದೆವು. ಆಂಡ್ರಾಯ್ಡಿನದು ಪಕ್ಕದ ಮೇಜಿನವನ ಪಾಲು, ಐಫೋನಿನದು ನನ್ನ ಪಾಲು.

ಆ ವರ್ಷ ಹುಬ್ಬಳ್ಳಿಯ ಒಂದು ಡಯಾಲಿಸಿಸ್ ಕೇಂದ್ರಕ್ಕೆ ಆ್ಯಪ್ ಮಾಡಿದ್ದೆವು. ಕಿಡ್ನಿ ಕೆಟ್ಟವರು ವಾರಕ್ಕೆ ಎರಡು ಸಲ ಅಲ್ಲಿ ಬಂದು, ಪ್ರತಿ ಸಲವೂ ಅದೇ ಒಂದು ತೋಳಿಗೆ ಸೂಜಿ ಹಾಕಿಸಿಕೊಂಡು, ನಾಲ್ಕು ತಾಸು ಯಂತ್ರದ ಪಕ್ಕ ಮಲಗಿ ರಕ್ತ ಶುದ್ಧ ಮಾಡಿಸಿಕೊಳ್ಳಬೇಕು. ಧಾರವಾಡದ ಕಡೆಯವರನ್ನು ಕರೆತರಲು ಕೇಂದ್ರದ ಒಂದು ವ್ಯಾನು ಇತ್ತು. ಅದರ ಡ್ರೈವರ್ ಅರವತ್ತರ ಆಸುಪಾಸಿನವರು. ಮೊದಲು ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದವರು, ಕೆಲಗೇರಿ ಕೆರೆಯ ಹತ್ತಿರ ಮನೆ. ನಾವೆಲ್ಲ ಅವರಿಗೆ ಚಾಚಾ ಎನ್ನುತ್ತಿದ್ದೆವು. ಕೇಂದ್ರದ ವೈದ್ಯರೊಬ್ಬರು ತಮ್ಮ ಹಳೆಯ ಐಫೋನನ್ನು ಅವರಿಗೆ ಕೊಟ್ಟಿದ್ದರು. ಅಂದು ಯಾರು ಯಾವ ಪಾಳಿಗೆ ಬರಬೇಕು ಎಂಬ ಪಟ್ಟಿ ಅದರಲ್ಲಿ ಬರುತ್ತಿತ್ತು. ಯಾರಾದರೂ ಬರುವುದಿಲ್ಲ ಎಂದು ಫೋನ್ ಮಾಡಿದರೆ ಸ್ವಾಗತದ ಮೇಜಿನ ಹುಡುಗಿ ತನ್ನ ಟ್ಯಾಬಿನಲ್ಲಿ ಒತ್ತುತ್ತಿದ್ದಳು, ಚಾಚಾನ ಫೋನಿನಲ್ಲಿ ಆ ಹೆಸರಿನ ಮೇಲೆ ಕೆಂಪು ಪಟ್ಟಿಯೊಂದು ಕಾಣಿಸಿಕೊಳ್ಳುತ್ತಿತ್ತು: ರದ್ದು. ಆ ಮನೆಗೆ ವ್ಯಾನು ಹೋಗುವುದಿಲ್ಲ.

ಇಲ್ಲಿ ಒಂದು ವಿಷಯವನ್ನು ವಿವರಿಸಬೇಕು. ಮೂವತ್ತನಾಲ್ಕು ಹೆಸರಿನ ಪಟ್ಟಿಯೆಂದು ಫೋನು ಮೂವತ್ತನಾಲ್ಕು ಪೆಟ್ಟಿಗೆ ಮಾಡುವುದಿಲ್ಲ. ಪರದೆಯಲ್ಲಿ ಹಿಡಿಯುವುದು ಒಂಬತ್ತು. ಫೋನು ಹತ್ತೋ ಹನ್ನೊಂದೋ ಮಾಡಿಕೊಳ್ಳುತ್ತದೆ, ಅಷ್ಟೇ. ನೀವು ಬೆರಳಿನಿಂದ ಪಟ್ಟಿಯನ್ನು ಸರಿಸಿದಾಗ ಒಂದು ತುದಿಯಲ್ಲಿ ಮರೆಯಾದ ಪೆಟ್ಟಿಗೆಯನ್ನೇ ಎತ್ತಿ ಇನ್ನೊಂದು ತುದಿಯಲ್ಲಿಟ್ಟು ಅದರಲ್ಲಿ ಬೇರೆ ಹೆಸರು ತುಂಬುತ್ತದೆ. ಈ ಪೆಟ್ಟಿಗೆಗೆ ನಾವು ಸೆಲ್ ಎನ್ನುತ್ತೇವೆ. ಸೆಲ್ ಹೊಸದಾಗಿ ಹುಟ್ಟುವಾಗ, ಒಂದೇ ಒಂದು ಸಲ ನಡೆಯುವ ಕೋಡಿಗೆ ಕನ್‌ಸ್ಟ್ರಕ್ಟರ್ ಎನ್ನುತ್ತೇವೆ. ಅಲ್ಲಿಂದ ಮುಂದೆ ಆ ಸೆಲ್ಲಿಗೆ ಇನ್ನೊಂದು ಹುಟ್ಟಿಲ್ಲ. ಬರೀ ತುಂಬುವುದು, ಮತ್ತೆ ತುಂಬುವುದು.

ಈ ಕನ್‌ಸ್ಟ್ರಕ್ಟರ್ ನನ್ನನ್ನು ಮೊದಲೇ ಒಮ್ಮೆ ಸತಾಯಿಸಿತ್ತು. ನಮ್ಮದೇ ನಮೂನೆಯ ಸೆಲ್ ಬರೆದು ಐಫೋನಿಗೆ ಹಾಕಿದ ಮೊದಲ ದಿನ ಪಟ್ಟಿ ತೆರೆದ ಕೂಡಲೇ ಆ್ಯಪ್ ಮುಚ್ಚಿಹೋಗುತ್ತಿತ್ತು. ಇಡೀ ದಿನ ಹುಡುಕಿದೆ. ಫೋನಿನ ವ್ಯವಸ್ಥೆ ತಾನೇ ಸೆಲ್ ಮಾಡಿ ಅದರ ಗುರುತನ್ನು ನಮ್ಮ ಕೋಡಿನ ಕೈಗೆ ಕೊಡುತ್ತದೆ, ಆ ಗುರುತನ್ನು ಇಸಿದುಕೊಳ್ಳಲು ಒಂದು ಬೇರೆ ಕನ್‌ಸ್ಟ್ರಕ್ಟರ್ ಬೇಕು. ನಾನು ಅದನ್ನು ಬರೆದೇ ಇರಲಿಲ್ಲ. ಬರೆದೆ, ಆ್ಯಪ್ ಓಡಿತು. ಅಂದಿನಿಂದ ಕನ್‌ಸ್ಟ್ರಕ್ಟರಿನ ಮೇಲೆ ನನಗೆ ಎಲ್ಲಿಲ್ಲದ ಭಕ್ತಿ ಹುಟ್ಟಿತು. ಮುಖ್ಯವಾದದ್ದೆಲ್ಲ ಅಲ್ಲೇ ಇರಬೇಕು ಎಂದುಕೊಂಡೆ. ಕೆಂಪು ಪಟ್ಟಿಯನ್ನು ಅಡಗಿಸಿಡುವ ಸಾಲನ್ನೂ ಅಲ್ಲೇ ಬರೆದೆ. ಪ್ರತಿ ಸೆಲ್ಲೂ ‘ರದ್ದು’ ಕಾಣದ ಹಾಗೆ ಹುಟ್ಟುತ್ತದೆ. ಆಮೇಲೆ ಹೆಸರು ತುಂಬುವಾಗ ಎರಡು ಸಾಲು: ರದ್ದಾಗಿದ್ದರೆ ಕೆಂಪು ಪಟ್ಟಿ ತೋರಿಸು, ಆಗಿಲ್ಲದಿದ್ದರೆ ಅಡಗಿಸು.

ಐದು ತಿಂಗಳು ಸರಿಯಾಗಿಯೇ ನಡೆಯಿತು.

ನಮ್ಮ ಕಡೆ ಪಂಚಮಿಗೆ ಮೊದಲು ರೊಟ್ಟಿ ಹಬ್ಬ ಬರುತ್ತದೆ. ಮನೆಮನೆಯಲ್ಲೂ ಖಡಕ್ ರೊಟ್ಟಿ, ಥರಾವರಿ ಪಲ್ಯ, ಚಟ್ನಿ ಮಾಡಿ ಓಣಿಯವರಿಗೆಲ್ಲ ಹಂಚುತ್ತಾರೆ. ಆ ವರ್ಷ ರೊಟ್ಟಿ ಹಬ್ಬ ಶುಕ್ರವಾರ ಬಿದ್ದಿತ್ತು, ಪಂಚಮಿ ಭಾನುವಾರ. ನನಗೆ ಗುರುವಾರ ಸಂಜೆಯಿಂದ ರಜೆ. ಬುಧವಾರ ಮನೆಯಲ್ಲಿ ಅವ್ವ ಅಟ್ಟದ ಡಬ್ಬಿಗಳನ್ನೆಲ್ಲ ಇಳಿಸಿ ತೊಳೆದಿದ್ದಳು. ನಾನು ಕಚೇರಿಗೆ ಬಂದು ಕೋಡು ಸ್ವಚ್ಛ ಮಾಡಲು ಕೂತೆ. ಹಬ್ಬಕ್ಕೆ ಮೊದಲು ಮನೆ ತೊಳೆದ ಹಾಗೆ ಕೋಡನ್ನೂ ತೊಳೆದಿಡುವುದು ನನ್ನ ರೂಢಿ. ದಸರೆಗೂ ಮಾಡುತ್ತಿದ್ದೆ, ದೀಪಾವಳಿಗೂ. ಪಕ್ಕದ ಮೇಜಿನವನು ಅಣಕಿಸುತ್ತಿದ್ದ: ‘ಸಾರಸ್ರಿ, ಸಾರಸ್ರಿ. ಒಂದು ರಂಗೋಲಿನೂ ಹಾಕಿಬಿಡ್ರಿ.’

ತುಂಬುವ ಜಾಗದಲ್ಲಿ ಆ ಸಾಲು ಕಣ್ಣಿಗೆ ಬಿತ್ತು: ಆಗಿಲ್ಲದಿದ್ದರೆ ಅಡಗಿಸು. ಹುಟ್ಟುವಾಗಲೇ ಅಡಗಿಸಿದ್ದೇನಲ್ಲ, ಇನ್ನೊಮ್ಮೆ ಯಾಕೆ? ಅಳಿಸಿದೆ. ನೋಡಲು ಚೆಂದ ಕಂಡಿತು. ಪರೀಕ್ಷೆ ಮಾಡಲು ಕೇಂದ್ರದವರು ಮೊದಲ ದಿನ ಕೊಟ್ಟಿದ್ದ ಮಾದರಿ ಪಟ್ಟಿ ಇತ್ತು, ಅದರಲ್ಲಿ ಒಂಬತ್ತು ಹೆಸರು. ಪರದೆಯಲ್ಲಿ ಹಿಡಿಯುವುದೂ ಒಂಬತ್ತು. ಅಂದರೆ ಸರಿಸುವ ಮಾತೇ ಇಲ್ಲ, ಯಾವ ಸೆಲ್ಲೂ ಎರಡನೆಯ ಸಲ ತುಂಬುವುದಿಲ್ಲ. ಒಂದು ಹೆಸರನ್ನು ರದ್ದು ಮಾಡಿದೆ, ಕೆಂಪು ಪಟ್ಟಿ ಬಂತು. ಉಳಿದ ಎಂಟರಲ್ಲಿ ಬರಲಿಲ್ಲ. ಗುರುವಾರ ಅಪ್‌ಡೇಟ್ ಚಾಚಾನ ಫೋನಿಗೆ ಹೋಯಿತು. ನಾನು ಉಂಡಿ ಕಟ್ಟಲು ಮನೆಗೆ ಹೋದೆ.

*

ಶುಕ್ರವಾರ ಬೆಳಗ್ಗೆ ಏನಾಯಿತು ಎಂಬುದನ್ನು ನಾನು ಕಂಡಿಲ್ಲ. ಆದರೂ ನನ್ನ ತಲೆಯಲ್ಲಿ ಅದು ಕಂಡ ಹಾಗೆಯೇ ಇದೆ, ವ್ಯಾನಿನ ವೈಪರಿನ ಸಪ್ಪಳ ಸಮೇತ. ಇದನ್ನೇ ನಾನು ನಂಬುವುದಿಲ್ಲ. ಗೊತ್ತಿರುವಷ್ಟನ್ನು ಮಾತ್ರ ಹೇಳುತ್ತೇನೆ.

ಪಟ್ಟಿ ಹುಬ್ಬಳ್ಳಿಯಿಂದ ಶುರುವಾಗಿ ಧಾರವಾಡದಲ್ಲಿ ಮುಗಿಯುತ್ತಿತ್ತು. ಆದರೆ ವ್ಯಾನು ರಾತ್ರಿ ನಿಲ್ಲುತ್ತಿದ್ದದ್ದು ಕೆಲಗೇರಿಯಲ್ಲಿ, ಚಾಚಾನ ಮನೆಯ ಮುಂದೆ. ಆದ್ದರಿಂದ ಅವರು ಪಟ್ಟಿಯನ್ನು ಕೆಳಗಿನಿಂದ ಓದುತ್ತಿದ್ದರು. ಒಂದೇ ಸಲಕ್ಕೆ ಬೆರಳಿನಿಂದ ತಳಕ್ಕೆ ತಳ್ಳಿ, ಅಲ್ಲಿಂದ ಮೇಲೆ ಮೇಲೆ ಬರುತ್ತಿದ್ದರು. ನಾವು ಯಾರೂ ಎಂದೂ ಹಾಗೆ ಓದಿ ನೋಡಿರಲಿಲ್ಲ. ಅಂದು ನಿಜವಾಗಿ ರದ್ದಾದದ್ದು ಒಂದೇ ಹೆಸರು, ಕೆಲಗೇರಿಯದು, ಪಟ್ಟಿಯ ತಳದಲ್ಲಿತ್ತು. ಆ ಸೆಲ್ ಕೆಂಪು ಪಟ್ಟಿ ಹೊತ್ತುಕೊಂಡಿತು. ಚಾಚಾ ಮೇಲೆ ಸರಿದಂತೆ ಅದೇ ಸೆಲ್ ಲಕಮನಹಳ್ಳಿಯ ಹೆಸರು ತುಂಬಿಕೊಂಡು ಬಂತು. ಇನ್ನೂ ಮೇಲೆ ಸತ್ತೂರಿನ ಹೆಸರು. ಕೆಂಪು ಪಟ್ಟಿಯನ್ನು ತೆಗೆ ಎಂದು ಅದಕ್ಕೆ ಹೇಳುವವರು ಯಾರೂ ಇರಲಿಲ್ಲ. ಹೇಳುತ್ತಿದ್ದ ಸಾಲನ್ನು ನಾನು ತೊಳೆದುಬಿಟ್ಟಿದ್ದೆ.

ಸತ್ತೂರಿನ ಗಂಡಸು ಗಾಡಿ ಬರಲಿಲ್ಲವೆಂದು ಆಟೋ ಹಿಡಿದು ಕೇಂದ್ರಕ್ಕೆ ಬಂದು ಕೂಗಾಡಿದ. ಲಕಮನಹಳ್ಳಿಯ ಹೆಂಗಸು ಬರಲಿಲ್ಲ, ಫೋನೂ ಮಾಡಲಿಲ್ಲ.

ಆಕೆಗೆ ಐವತ್ತು ದಾಟಿರಬೇಕು. ಮನೆಯಲ್ಲೇ ರೊಟ್ಟಿ ಬಡಿದು ಖಾನಾವಳಿಗಳಿಗೂ ಮನೆಗಳಿಗೂ ಕೊಡುತ್ತಿದ್ದರು, ಮಗಳೂ ಜೊತೆಗೆ. ಡಯಾಲಿಸಿಸ್ ಶುರುವಾದ ಮೇಲೂ ಬಿಟ್ಟಿರಲಿಲ್ಲ. ರೊಟ್ಟಿ ಹಬ್ಬವೆಂದರೆ ಅವರಿಗೆ ವರ್ಷದ ದೊಡ್ಡ ದುಡಿಮೆ. ಅಂಥ ದಿನ ಅವರ ಹೆಸರಿನ ಮೇಲೆ ರದ್ದು ಎಂದು ಕಂಡರೆ ಯಾರಿಗೂ ಸಂಶಯ ಬರುವುದಿಲ್ಲ. ಕೆಲಸ ಜಾಸ್ತಿ, ಇವತ್ತಿನ ಪಾಳಿ ಬಿಟ್ಟಿದ್ದಾರೆ, ಅಷ್ಟೇ. ಕೇಂದ್ರದಲ್ಲೂ ಆಕೆಯ ಹಾಸಿಗೆ ಖಾಲಿ ಕಂಡವರು ಹಾಗೆಯೇ ಅಂದುಕೊಂಡರು. ಯಾರೂ ಫೋನ್ ಮಾಡಿ ಕೇಳಲಿಲ್ಲ.

ಮಂಗಳವಾರ ಯಂತ್ರದ ಪಕ್ಕ ಮಲಗಿ ಎದ್ದವರು ಮುಂದಿನ ಮಂಗಳವಾರದವರೆಗೆ ತಡೆಯಲಿಲ್ಲ. ಹಬ್ಬದಲ್ಲಿ ಶೇಂಗಾ ಉಂಡಿ, ಉಸುಳಿ, ನೀರು. ಅವರಿಗೆ ಯಾವುದು ಕೂಡದೋ ಅದೇ ಹಬ್ಬದ ಊಟ. ಭಾನುವಾರ ಮಧ್ಯಾಹ್ನ ಉಸಿರು ಕಟ್ಟಿತು. ಸೋಮವಾರ ಬೆಳಗ್ಗೆ ದೊಡ್ಡ ದವಾಖಾನೆಯಲ್ಲಿ ತೀರಿಕೊಂಡರು.

*

ಬುಧವಾರ ಕೇಂದ್ರದಲ್ಲಿ ಎಲ್ಲರನ್ನೂ ಕೂರಿಸಿದರು. ಕೇಂದ್ರದ ಮ್ಯಾನೇಜರು, ನಮ್ಮ ಮಾಲೀಕರು, ನಾನು, ಚಾಚಾ, ತೀರಿಕೊಂಡವರ ಮಗಳು. ಮಗಳಿಗೆ ನನ್ನದೇ ವಯಸ್ಸು. ಅತ್ತು ಮುಗಿಸಿ ಬಂದಿದ್ದಳು. ಕಣ್ಣು ಒಣಗಿದ್ದವು.

‘ನಾ ಶುಕ್ರವಾರ ಮುಂಜಾನೆ ರೊಟ್ಟಿ ಕೊಡಾಕ ಹೋಗಿದ್ನಿ. ಬಂದು ನೋಡ್ತೇನಿ, ಅವ್ವ ಮನ್ಯಾಗ ಅದಾಳ,’ ಎಂದಳು. ‘ಯಾಕವಾ ಅಂದ್ರ, ಗಾಡಿ ಬರ್ಲಿಲ್ಲ, ಹಬ್ಬಕ್ಕ ಸೂಟಿ ಇರಬೇಕು ಅಂದ್ಲು. ನಾನೂ ಸುಮ್ನಾದ್ನಿ. ಆಕಿಗೆ ಖುಷಿನ ಆಗಿತ್ರಿ. ಒಂದಿನ ಸೂಜಿ ತಪ್ಪಿತಲ್ಲ ಅಂತ.’

ಆಮೇಲೆ ಚಾಚಾನ ಕಡೆ ತಿರುಗಿದಳು. ‘ಕಾಕಾ, ನೀವು ಯಾಕ ಬರ್ಲಿಲ್ರಿ?’

‘ರದ್ದು ಅಂತಿತ್ತವಾ,’ ಎಂದರು ಚಾಚಾ. ‘ನಾ ಎರಡು ಸಲ ನೋಡೇನಿ.’

ಮ್ಯಾನೇಜರು ಸ್ವಾಗತದ ಟ್ಯಾಬನ್ನು ತರಿಸಿ ತೋರಿಸಿದರು. ಶುಕ್ರವಾರದ ರದ್ದು ಒಂದೇ, ಕೆಲಗೇರಿಯದು. ‘ಇದರಾಗ ಎಲ್ಲಿ ಅದ ತೋರಿಸ್ರಿ. ಆಕಿದೂ ಇಲ್ಲ, ಸತ್ತೂರದವರದೂ ಇಲ್ಲ. ಇಬ್ಬರನ್ನ ಬಿಟ್ಟು ಬಂದೀರಿ.’ ಯಾರ ಮುಖವನ್ನೂ ನೋಡದೆ ಇನ್ನೊಂದು ಮಾತು ಸೇರಿಸಿದರು. ‘ಶುಕ್ರವಾರ ಬ್ಯಾರೆ. ಲಗೂ ಮುಗಿಸಿ ಹೋಗೂದಿತ್ತೇನೋ.’

‘ಸಾಹೇಬ್ರ, ನಮಾಜ್ ಮಧ್ಯಾಹ್ನ ಐತ್ರಿ,’ ಎಂದರು ಚಾಚಾ. ‘ನಾ ಗಾಡಿ ಹೊಡದಿದ್ದು ಮುಂಜಾನಿ ಏಳಕ್ಕ.’

ಅದು ಎಷ್ಟು ಸರಳವಾದ ಉತ್ತರ! ಆದರೂ ಆ ಕೋಣೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ನನಗೂ ಕೇಳಿಸಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಕೇಳಿಸಿತು. ನಾನು ಮೇಜಿನ ಮೇಲಿನ ಗಾಜು ನೋಡುತ್ತಿದ್ದೆ.

ಚಾಚಾ ಫೋನನ್ನು ನನ್ನ ಮುಂದಿಟ್ಟರು. ‘ಮೇಡಮ್ಮಾರ, ನೀವ ಮಾಡಿದ್ದಲ್ರಿ ಇದನ್ನ. ನೀವು ನೋಡ್ರಿ.’

ತೆರೆದೆ. ಶುಕ್ರವಾರದ ಪಟ್ಟಿ ತೆಗೆದೆ. ಮೇಲಿನಿಂದ ಕೆಳಗೆ ನಿಧಾನವಾಗಿ ಸರಿಸುತ್ತ ಹೋದೆ. ಸತ್ತೂರು, ಸರಿ. ಲಕಮನಹಳ್ಳಿ, ಸರಿ. ತಳದಲ್ಲಿ ಕೆಲಗೇರಿ, ರದ್ದು. ಅಲ್ಲಿಗೆ ನಿಲ್ಲಿಸಿದೆ. ಅಲ್ಲಿಂದ ಒಂದು ಸಲ, ಒಂದೇ ಸಲ, ಬೆರಳನ್ನು ಹಿಂದಕ್ಕೆ ಎಳೆದಿದ್ದರೆ ಎಲ್ಲರ ಕಣ್ಣೆದುರೇ ಕಾಣುತ್ತಿತ್ತು.

‘ಆ್ಯಪ್ ಸರಿ ಅದ,’ ಎಂದೆ.

ಈ ಮೂರು ಶಬ್ದಗಳನ್ನು ಹೇಳುವಾಗ ನನಗೆ ನನ್ನ ಹಿಂದಿನ ಬುಧವಾರದ ಸ್ವಚ್ಛತೆ ನೆನಪಿತ್ತೇ? ಇದನ್ನು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಕೆಲವು ದಿನ, ಇರಲಿಲ್ಲ ಎನ್ನುತ್ತೇನೆ. ಇನ್ನು ಕೆಲವು ದಿನ, ಆ ಸಾಲು ಒಮ್ಮೆ ಕಣ್ಣ ಮುಂದೆ ಬಂದಿತ್ತು ಎನ್ನುತ್ತೇನೆ. ಅದನ್ನು ನಂತರ ನಾನೇ ಅಲ್ಲಿ ತಂದಿಟ್ಟೆನೇ ಎಂದು ತಿಳಿಯುವ ದಾರಿಯಿಲ್ಲ.

ಚಾಚಾ ಫೋನನ್ನು ಹಿಂದೆ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು. ‘ಹಂಗಾರ ನನ್ನ ಕಣ್ಣ...’ ಎಂದು ನಿಲ್ಲಿಸಿದರು. ಅದೇ ವಾರ ವ್ಯಾನಿಗೆ ಬೇರೆ ಡ್ರೈವರ್ ಬಂದ.

*

ಹೊಸ ಡ್ರೈವರ್ ಫೋನು ಕೆಳಗೆ ಬೀಳಿಸಿ ಗಾಜು ಒಡೆದ. ಆತ ತನ್ನ ಆಂಡ್ರಾಯ್ಡ್ ಬಳಸತೊಡಗಿದ. ಅದರಲ್ಲಿ ಪಕ್ಕದ ಮೇಜಿನವನ ಸಾಲು ಹಾಗೇ ಇತ್ತು. ಒಡೆದ ಐಫೋನು ದುರಸ್ತಿಯಾಗಿ ನಮ್ಮ ಕಚೇರಿಗೆ ಬಂತು. ಗಣೇಶ ಚೌತಿಗೆ ಮೊದಲು ಒಂದು ದಿನ ಬೇರೇನೋ ಪರೀಕ್ಷಿಸಲು ಪೂರ್ತಿ ಪಟ್ಟಿ ಹಾಕಿಕೊಂಡು ಕೂತಿದ್ದೆ. ತಳಕ್ಕೆ ಹೋಗಿ ಮೇಲೆ ಬಂದೆ. ಕೆಂಪು ಪಟ್ಟಿ ಒಂದು ಹೆಸರಿನಿಂದ ಇಳಿಯದೆ ಇನ್ನೊಂದು ಹೆಸರಿನ ಮೇಲೆ ಕೂತು ನನ್ನ ಜೊತೆ ಮೇಲೆ ಬಂತು.

ಕೈ ನಡುಗಿತು ಎಂದು ಮೊದಲ ಸಲ ಹೇಳುವಾಗ ಸೇರಿಸಿದ್ದೆ. ನಡುಗಲಿಲ್ಲ. ಮತ್ತೆ ತಳಕ್ಕೆ ಹೋದೆ, ಮತ್ತೆ ಮೇಲೆ ಬಂದೆ. ಐದಾರು ಸಲ ಮಾಡಿರಬೇಕು. ಪ್ರತಿ ಸಲವೂ ಬಂತು.

ಮಾಲೀಕರಿಗೆ ತೋರಿಸಿದೆ. ಅವರು ಕೆಟ್ಟ ಮನುಷ್ಯರಲ್ಲ. ಬಾಗಿಲು ಹಾಕಿ ಬಂದು ಕೂತರು.

‘ತಂಗಿ, ಹೋದವರು ವಾಪಸ್ ಬರ್ತಾರೇನು?’

‘ಚಾಚಾನ ಕೆಲಸ ಹೋತಲ್ರಿ, ಸರ್.’

‘ಅವರಿಗೂ ವಯಸ್ಸಾಗಿತ್ತು. ಇವತ್ತಲ್ಲ ನಾಳೆ ಬಿಡವರ. ನೀ ಈಗ ಬಾಯಿ ಬಿಟ್ಟಿ ಅಂದ್ರ ಐದು ಮಂದಿ ಬೀದಿಗೆ ಬರ್ತೀವಿ. ಸರಿ ಮಾಡಿ ಕಳಸಿಬಿಡು.’

‘ಅಪ್‌ಡೇಟ್ ಜೋಡಿ ಏನು ಬದಲಾತು ಅಂತ ಬರೀಬೇಕಾಗ್ತದ್ರಿ.’

‘ಬರಿ. ಸಣ್ಣಪುಟ್ಟ ಸುಧಾರಣೆಗಳು.’

ಬರೆದೆ. ಅಳಿಸಿದ್ದ ಸಾಲನ್ನು ಹಿಂದೆ ಹಾಕಲು ಒಂದು ನಿಮಿಷವೂ ಹಿಡಿಯಲಿಲ್ಲ.

ಮರುದಿನವೇ ಚಾಚಾನ ಮನೆಗೆ ಹೋದೆ ಎಂದು ಆ ಮೂವರಿಗೂ ಹೇಳಿದ್ದೆ. ಹೋದದ್ದು ದೀಪಾವಳಿಯಾದ ಮೇಲೆ. ನಡುವಿನ ಆ ಎರಡು ತಿಂಗಳು ನಾನು ಏನು ಮಾಡಿದೆ? ಕೆಲಸಕ್ಕೆ ಹೋದೆ, ಬಂದೆ. ಒಂದು ಮದುವೆಗೆ ಹೋಗಿ ಊಟ ಮಾಡಿ ಬಂದೆ. ಧಾರವಾಡದ ಬಸ್ಸು ಸತ್ತೂರು ದಾಟುವಾಗ ಕಿಟಕಿಯಾಚೆ ನೋಡುವುದನ್ನು ಬಿಟ್ಟೆ. ಕೊನೆಗೆ ಯಾಕೆ ಹೋದೆ ಎಂಬುದಕ್ಕೆ ನನ್ನ ಹತ್ತಿರ ಕಾರಣವಿಲ್ಲ. ಒಂದು ಭಾನುವಾರ ಸ್ಕೂಟಿ ತೆಗೆದೆ, ಅದು ಕೆಲಗೇರಿಯ ಕಡೆ ಹೋಯಿತು.

*

ಚಾಚಾ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಒಂದು ತಟ್ಟೆಯಲ್ಲಿ ನಟ್ಟು ಬೋಲ್ಟುಗಳನ್ನು ಆರಿಸುತ್ತಿದ್ದರು. ಅಳಿಯನ ಗ್ಯಾರೇಜಿನವಂತೆ. ದಪ್ಪ ಕನ್ನಡಕ ಬಂದಿತ್ತು. ಒಂದೊಂದು ಬೋಲ್ಟನ್ನೂ ಕನ್ನಡಕದ ಹತ್ತಿರ ಹಿಡಿದು, ಮೇಲೆ ಬೆರಳಿನಿಂದಲೂ ಸವರಿ, ಆಮೇಲೆ ಡಬ್ಬಿಗೆ ಹಾಕುತ್ತಿದ್ದರು.

‘ಅರೆ, ಮೇಡಮ್ಮಾರು! ಬರ್ರಿ, ಬರ್ರಿ.’

ಅವರ ಹೆಂಡತಿ ಒಳಗಿನಿಂದ ನೀರು ತಂದುಕೊಟ್ಟರು. ಗಂಡನ ಕನ್ನಡಕ ತೋರಿಸಿ ನಕ್ಕರು. ‘ಮೂರು ಕಡಿ ಕಣ್ಣು ತೋರಿಸ್ಯಾರ್ರಿ. ಮೂರೂ ಡಾಕ್ಟರು ಏನೂ ಆಗಿಲ್ಲ, ಓದಾಕ ಕನ್ನಡಕ ಸಾಕು ಅಂದ್ರು. ಇವರು ನಂಬವಲ್ರು. ನನ್ನ ಮಾರಿ ಮ್ಯಾಲೂ ರದ್ದು ಅಂತ ಕಾಣಸ್ತದೇನೋ, ಕೇಳ್ರಿ ಒಂದ್ಸಲ.’

‘ನಿನ್ನ ಮಾರಿ ಮ್ಯಾಲೆ ಬರದಿದ್ರ ನಾ ಎಂದೋ ಓದ್ತಿದ್ನಿ,’ ಎಂದರು ಚಾಚಾ. ಹೆಂಡತಿ ಸೆರಗಿನ ಮರೆಯಲ್ಲಿ ನಗುತ್ತ ಒಳಗೆ ಹೋದರು. ಚಾಚಾನ ಧ್ವನಿ ಇಳಿಯಿತು. ‘ಗಾಡಿ ಬಿಟ್ಟೇನ್ರಿ ಮೇಡಮ್ಮಾರ. ಮೊನ್ನೆ ಅಳಿಯ ಕಾರು ತಿರುವಿಕೊಡ್ರಿ ಅಂದ. ಒಲ್ಲೆ ಅಂದೆ. ಇರದಿದ್ದದ್ದು ಕಾಣೂ ಕಣ್ಣಿಗೆ ಇದ್ದದ್ದು ಕಾಣದ ಇರಬಹುದಲ್ರಿ. ಯಾರದರ ಕೂಸು ಅಡ್ಡ ಬಂದ್ರ?’

ಹೇಳಿದೆ. ಪೆಟ್ಟಿಗೆ, ತುಂಬುವುದು, ಒಂದು ಸಾಲು, ಬುಧವಾರ. ಹೇಳಲು ಬಹಳ ಹೊತ್ತು ಹಿಡಿಯಿತು. ಚಾಚಾ ಮೆಕ್ಯಾನಿಕ್ ಆಗಿದ್ದವರು. ನಡುನಡುವೆ ಸರಿಯಾದ ಜಾಗದಲ್ಲೇ ಪ್ರಶ್ನೆ ಕೇಳಿದರು.

‘ಅಂದ್ರ ಹಳೇ ಡಬ್ಬಿ ತೊಳೀಲಾರದ ಹೊಸ ಮಾಲು ತುಂಬಿದಂಗ.’

‘ಹೌದ್ರಿ.’

‘ತೊಳಿಯವರು ಇದ್ರು. ನೀವು ತಗದ್ರಿ.’

‘ಹೌದ್ರಿ.’

‘ಹಂಗಾರ ನಾ ನೋಡಿದ್ದು ಖರೇ ಐತಿ.’

‘ಖರೇ ಅದ ಚಾಚಾ. ನೀವು ನೋಡಿದ್ದು ಖರೇ.’

ಸಿಟ್ಟು ಬರುತ್ತದೆಂದು ಕಾದೆ. ಅವರು ಕನ್ನಡಕ ತೆಗೆದು ಬೋಲ್ಟಿನ ತಟ್ಟೆಯಲ್ಲಿಟ್ಟರು. ಆಮೇಲೆ ಒಳಗಿನಿಂದ ಮೊಮ್ಮಗಳ ನೋಟುಬುಕ್ಕಿನ ಒಂದು ಹಾಳೆ, ಒಂದು ಪೆನ್ನು ತಂದರು. ‘ಬರದು ಕೊಡ್ರಿ.’

ಬರೆದೆ. ತಾಂತ್ರಿಕ ದೋಷದಿಂದ ಶುಕ್ರವಾರದಂದು ಇಬ್ಬರು ರೋಗಿಗಳ ಹೆಸರಿನ ಮೇಲೆ ರದ್ದು ಎಂದು ತಪ್ಪಾಗಿ ಕಂಡುಬಂದಿರುತ್ತದೆ, ಇದರಲ್ಲಿ ಚಾಲಕರ ತಪ್ಪು ಇರುವುದಿಲ್ಲ. ಚಾಚಾ ಎರಡು ಸಲ ಓದಿದರು.

‘ಇದರಾಗ ನಾ ಅದೇನಿ. ಫೋನ್ ಐತಿ. ನೀವು ಎಲ್ಲಿ ಅದೀರಿ?’

ಇನ್ನೊಂದು ಹಾಳೆ ಹರಿದುಕೊಟ್ಟರು. ಈ ಸಲ ನಾನು ಅಳಿಸಿದೆ ಎಂದು ಬರೆದೆ. ಕೇಂದ್ರದಲ್ಲಿ ಆ್ಯಪ್ ಸರಿ ಇದೆ ಎಂದವಳೂ ನಾನೇ ಎಂದು ಬರೆದೆ. ಸಹಿ ಮಾಡಿದೆ. ಎರಡು ತಿಂಗಳ ಮೊದಲೇ ಗೊತ್ತಾಗಿತ್ತು ಎಂಬುದನ್ನು ಬರೆಯಲಿಲ್ಲ. ಅದು ಚಾಚಾನಿಗೆ ಗೊತ್ತಿರಲಿಲ್ಲ, ನಾನು ಹೇಳಲಿಲ್ಲ. ಇಲ್ಲಿ ಮೊದಲ ಸಲ ಹೇಳುತ್ತಿದ್ದೇನೆ.

‘ನಡ್ರಿ,’ ಎಂದರು.

‘ಕೇಂದ್ರಕ್ಕೇನ್ರಿ? ಇವತ್ತು ಭಾನುವಾರ.’

‘ಕೇಂದ್ರ ತಗೊಂಡು ನಾ ಏನು ಮಾಡ್ಲಿ? ಆ ಹುಡಿಗಿ ಮನೀಗೆ.’ ನನ್ನ ಕೈಯಿಂದ ಸ್ಕೂಟಿಯ ಕೀಲಿ ಇಸಿದುಕೊಂಡರು. ‘ನಾ ಹೊಡೀತೇನಿ. ನೀವು ಹಿಂದ ಕೂಡ್ರಿ.’

*

ಲಕಮನಹಳ್ಳಿಯ ಆ ಮನೆ ಓಣಿಯ ತಿರುವಿನಲ್ಲೇ ಇದೆ. ಎರಡು ಮೆಟ್ಟಿಲು, ಹಸಿರು ಬಾಗಿಲು. ಹಸಿರೇ ಇತ್ತು, ಇದನ್ನು ಆಮೇಲೆ ಹೋಗಿ ನೋಡಿ ಖಾತ್ರಿ ಮಾಡಿಕೊಂಡಿದ್ದೇನೆ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಮಗಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಚಾಚಾನನ್ನು ನೋಡಿ ಅವಳ ಮುಖ ಬಿಗಿಯಾಯಿತು.

ಚಾಚಾ ಹಾಳೆ ಚಾಚಿದರು. ಅವಳು ಕೈ ಒರೆಸಿಕೊಂಡು ಬಾಗಿಲಿನಲ್ಲೇ ನಿಂತು ಓದಿದಳು. ಓದಿ ನನ್ನನ್ನು ನೋಡಿದಳು.

‘ಅವತ್ತು ಕೇಂದ್ರದಾಗ ನೀವೂ ಇದ್ರಿ ಅಲ್ರಿ?’

‘ಇದ್ದೆ.’

‘ಆ್ಯಪ್ ಸರಿ ಅದ ಅಂದಾಕಿ ನೀವ.’

‘ಹೌದು.’

ಬೈಯಲಿಲ್ಲ. ಬೈದಿದ್ದರೆ ನಿಂತು ಕೇಳಲು ಸಿದ್ಧಳಾಗಿ ಬಂದಿದ್ದೆ, ದಾರಿಯುದ್ದಕ್ಕೂ ಚಾಚಾನ ಬೆನ್ನ ಹಿಂದೆ ಅದಕ್ಕೆ ಉತ್ತರ ಕೂಡಿಸಿಕೊಳ್ಳುತ್ತಿದ್ದೆ. ಅವಳು ನನ್ನ ಮೇಲಿನಿಂದ ಕಣ್ಣು ತೆಗೆದು ಚಾಚಾನಿಗೆ, ‘ಒಳಗ ಬರ್ರಿ ಕಾಕಾ’ ಎಂದಳು. ನನ್ನನ್ನು ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಚಾಚಾ ಚಪ್ಪಲಿ ಬಿಟ್ಟು ಒಳಗೆ ಹೋದರು. ನಾನು ಮೆಟ್ಟಿಲ ಕೆಳಗೆ ನಿಂತೆ. ಬಾಗಿಲು ತೆರೆದೇ ಇತ್ತು.

‘ತಪ್ಪಾತು ಕಾಕಾ,’ ಎಂದು ಅವಳು ಒಳಗೆ ಹೇಳಿದ್ದು ಕೇಳಿಸಿತು. ‘ಅವತ್ತು ನಿಮ್ಮ ಮಾತು ನಂಬಲಿಲ್ಲ. ನಿಮ್ಮದೇನೂ ಇರಲಿಲ್ಲ.’

‘ತಡಿ ಯವ್ವಾ,’ ಎಂದರು ಚಾಚಾ. ‘ಈ ಚೀಟ್ಯಾಗ ಬರದಿದ್ದು ಖರೇ. ಆದ್ರ ನಂದೇನೂ ಇರಲಿಲ್ಲ ಅನ್ನಬ್ಯಾಡ. ಒಂದು ಮಾತು ಉಳದೈತಿ. ಅವತ್ತು ಕೇಂದ್ರದಾಗ ಹೇಳಲಿಲ್ಲ. ನನ್ನ ಕಣ್ಣ ಸುಳ್ಳು ಹೇಳಾಕತ್ತಾವು ಅಂತ ಆದಮ್ಯಾಲೆ ಅದನ್ನೂ ಸುಳ್ಳು ಅಂತ ತಿಳಕೊಂಡು ಸುಮ್ನಿದ್ನಿ. ಈಗ ಹೇಳಬೇಕು.’

ರೊಟ್ಟಿಯ ಸಪ್ಪಳ ನಿಂತಿತು. ಒಳಗೆ ಇನ್ನೊಬ್ಬರು ಯಾರೋ ಇದ್ದರು, ಅವರೂ ಬಡಿಯುವುದನ್ನು ನಿಲ್ಲಿಸಿರಬೇಕು.

‘ಈ ತಿರುವಿನ್ಯಾಗ ನಾ ಗಾಡಿ ನಿಧಾನ ಮಾಡಿದ್ನಿ. ನಿಮ್ಮವ್ವಾರು ಬಾಗಲದಾಗ ನಿಂತಿದ್ರು. ಕೈ ಎತ್ತಿದ್ರು. ಫೋನಿನ್ಯಾಗ ರದ್ದು ಐತಿ, ಮಾತಾಡಸಾಕತ್ಯಾರ ಅಂತ ತಿಳಕೊಂಡ್ನಿ. ನಾನೂ ಕೈ ಮಾಡಿ ಹೋದ್ನಿ.’

ಆಮೇಲೆ ಅವಳು ಕೇಳಿದಳು, ಕೇಂದ್ರದಲ್ಲಿ ಮಾತಾಡಿದ್ದಕ್ಕಿಂತ ಬಹಳ ಸಣ್ಣ ಧ್ವನಿಯಲ್ಲಿ:

‘ಯಾವ ಕೈ ಎತ್ತಿದ್ಲು ಕಾಕಾ?’

ಅಷ್ಟರಲ್ಲಿ ನಾನು ಸ್ಕೂಟಿಯ ಕಡೆ ನಡೆದುಹೋಗಿದ್ದೆ ಎಂದು ಬರೆಯಬೇಕೆನಿಸುತ್ತದೆ. ಹೋಗಿರಲಿಲ್ಲ. ಅಲ್ಲೇ ನಿಂತಿದ್ದೆ.

‘ಎಡಗೈ, ಯವ್ವಾ,’ ಎಂದರು ಚಾಚಾ. ‘ಕುಬಸದ ತೋಳು ಮ್ಯಾಲೆ ಏರಿಸಿಕೊಂಡಿದ್ರು. ಸೂಜಿ ಹಾಕೂ ಕೈ.’